ಹುದ್‌ಹುದ್ ಕಂಪನಿಯ ಕೋಳಿಗಳು

ಕುವೈತ್, ಕಾದಿಸಿಯಾ
೫ ನವೆಂಬರ್ ೧೯೮೧

ಪ್ರೀತಿಯ ಗನೀಮಕ್ಕ,

ರಾತ್ರಿಯಿಡೀ ಅತ್ತು ಮಗು ಲುಲ್ವಾ ಈಗಷ್ಟೇ ಮಲಗಿದ್ದಾಳೆ. ಇದು ಎಷ್ಟು ಹೊತ್ತಿನ ನಿದ್ದೆಯೋ ದೇವರಿಗೇ ಗೊತ್ತು. ಅದಕ್ಕೇ ಕ್ಷೇಮಸಮಾಚಾರ ಬಿಟ್ಟು ಮೊದಲು ಕೆಲಸದ ಮಾತು. ಸಮುದ್ರದಾಚೆಯ ನಿಮ್ಮ ದ್ವೀಪ ಮುಹರ್ರಕ್‌ನಲ್ಲಿ ಹುದ್‌ಹುದ್ ಕೋಳಿ ಸಾಕಣೆ ಕಂಪನಿ ಅಂತ ಒಂದಿದೆಯಂತೆ. ಒಂದು ದಿನ ಹೋಗಿ ನೋಡಿಕೊಂಡು ಬರುತ್ತೀಯಾ? ಕಚೇರಿ ನೋಡಿದರೆ ಸಾಲದು, ಕೋಳಿ ಇವೆಯೇ ನೋಡು.

ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನ್ ಇರುವುದು ಹಾಲಿನಲ್ಲಿ, ಅತ್ತೆ ಕೂರುವ ದಿಂಬಿನ ಪಕ್ಕ. ನಾನು ಇಲ್ಲಿ ಕೋಳಿ ಅಂದರೆ ಸಂಜೆಯೊಳಗೆ ಅವರ ತಂಗಿಯರೆಲ್ಲ ಕೊಕ್ಕೊಕ್ಕೋ ಅನ್ನುತ್ತಾರೆ.

ನಮ್ಮ ಯಜಮಾನರ ಕಥೆ ಕೇಳು: ಮಿಶಾರಿ ಬೆಳಿಗ್ಗೆ ಸಚಿವಾಲಯಕ್ಕೆ ಹೋಗಿ, ಹಾಜರಿ ಹಾಕಿ, ಮೇಜಿನ ಮೇಲೆ ಕನ್ನಡಕ ಬಿಟ್ಟು ಮನಾಖ್ ಷೇರುಪೇಟೆಗೆ ಹೊರಟುಬಿಡುತ್ತಾರೆ. ಯಾರಾದರೂ ಹುಡುಕಿದರೆ, ಕನ್ನಡಕ ಇಲ್ಲೇ ಇದೆ, ಮನುಷ್ಯ ಇಲ್ಲೇ ಎಲ್ಲೋ ಇರಬೇಕು ಅಂದುಕೊಳ್ಳುತ್ತಾರಂತೆ. ಆ ಕೋಣೆಯಲ್ಲಿ ಈಗ ಏಳು ಮೇಜು, ಏಳು ಕನ್ನಡಕ, ಮನುಷ್ಯರು ಯಾರೂ ಇಲ್ಲ. ಎಲ್ಲರೂ ಆ ಕಾರು ನಿಲ್ಲಿಸುವ ಕಟ್ಟಡದ ಕೆಳಗಿನ ಅಂಗಡಿಸಾಲಿನಲ್ಲಿ ನಿಂತು ಷೇರು ಕೊಳ್ಳುತ್ತಿದ್ದಾರೆ, ಮಾರುತ್ತಿದ್ದಾರೆ. ಕಾಲೇಜಿನಲ್ಲಿ ನಾಲ್ಕು ವರ್ಷ ವಾಣಿಜ್ಯ ಓದಿದವಳಲ್ಲವೇ, ನಾನು ಕೇಳಿದೆ:

"ಆ ಹುದ್‌ಹುದ್ ಕಂಪನಿಗೆ ಲಾಭ ಎಷ್ಟು ಬರುತ್ತೆ?"

"ಲಾಭ ಬರೋ ಕಂಪನಿ ಮುದುಕರಿಗೆ ಕಣೇ. ಇದರದ್ದು ಮುಂದೆ ಬರುತ್ತೆ."

"ಮೊಟ್ಟೆ?"

"ಅದೂ ಮುಂದೆ."

ಅತ್ತೆ ದಿಂಬಿನ ಮೇಲಿಂದಲೇ ಹೇಳಿದರು, "ತಲೆ ಮೇಲೆ ಜುಟ್ಟಿರೋ ಕಾಡುಹಕ್ಕಿ ಹೆಸರಿಟ್ಟು ಕೋಳಿ ಸಾಕ್ತಾರಂತಾ? ನಾಳೆ ಒಂಟೆ ಅಂತ ಹೆಸರಿಟ್ಟು ಮೀನು ಮಾರ್ತಾರೆ, ನೋಡ್ತಿರು."

ಮಿಶಾರಿ ಲುಲ್ವಾಳ ಹೆಸರಿನಲ್ಲೂ ಷೇರಿಗೆ ಅರ್ಜಿ ಹಾಕಿದ್ದಾರೆ. ಹಲ್ಲು ಬಂದಿಲ್ಲ, ಆಗಲೇ ಷೇರುದಾರಳು.

ಅಮ್ಮನ ಮನೆಗೆ ಸರ್ಕಾರ ಕೊಟ್ಟ ಪರಿಹಾರದಲ್ಲಿ ನಿನ್ನ ಪಾಲು ನನ್ನ ಹತ್ತಿರ ಭದ್ರವಾಗಿದೆ. ಅದರ ಯೋಚನೆ ಬೇಡ. ನಿಜವಾಗಿಯೂ ಬೇಡ. ಆದರೆ ಕೋಳಿಯ ವಿಷಯ ಮಾತ್ರ ಬೇಗ ಬರೆ.

ಎದ್ದಳು. ನಿಲ್ಲಿಸುತ್ತೇನೆ.

ನಿನ್ನ ಸಬೀಕಾ


ಮುಹರ್ರಕ್
೨೩ ನವೆಂಬರ್ ೧೯೮೧

ಸಬೀಕಾ,

ಮಗು ರಾತ್ರಿಯಿಡೀ ಅತ್ತರೆ ಅದಕ್ಕೆ ಹೊಟ್ಟೆನೋವು ಅಂತ ಅರ್ಥ, ನೀನು ಕೆಟ್ಟ ತಾಯಿ ಅಂತಲ್ಲ. ಸೋಂಪು ಕುದಿಸಿ ಆರಿಸಿ ಎರಡು ಚಮಚ ಕೊಡು. ನಿನ್ನ ಪತ್ರದಲ್ಲಿ ಅಕ್ಷರಗಳೆಲ್ಲ ಕೆಳಗಿಳಿದಿವೆ, ತೂಕಡಿಸುತ್ತಾ ಬರೆದಿದ್ದೀಯ. ಹಗಲು ಮಗು ಮಲಗಿದಾಗ ನೀನೂ ಮಲಗು. ಪಾತ್ರೆ ತೊಳೆಯದೆ ಇದ್ದರೆ ಆಕಾಶ ಕಳಚಿ ಬೀಳುವುದಿಲ್ಲ.

ನಿನ್ನ ಕಂಪನಿ ನೋಡಿದೆ. ಬಂದರಿನ ಕಡೆ ಹೋಗುವ ರಸ್ತೆಯಲ್ಲಿ ಎರಡನೆಯ ಮಹಡಿ. ಹೊಸ ಫಲಕ, ಅದರ ಮೇಲೆ ಹುದ್‌ಹುದ್ ಹಕ್ಕಿಯ ಚಿತ್ರ, ಚೆನ್ನಾಗಿ ಬರೆದಿದ್ದಾರೆ, ಜುಟ್ಟಿನ ಒಂದೊಂದು ಗರಿಯೂ ಕಾಣುತ್ತದೆ. ಒಳಗೆ ಒಬ್ಬರು ಕೂತಿದ್ದರು, ಒಳ್ಳೆಯ ಮನುಷ್ಯರು, ಟೀ ಕೊಟ್ಟರು. ಕೋಳಿಗಳನ್ನು ಊರೊಳಗೆ ಇಟ್ಟುಕೊಳ್ಳಲಾಗುತ್ತದೆಯೇ, ಅವು ಆಚೆ ಎಲ್ಲೋ ಇರುತ್ತವೆ. ಮೆಟ್ಟಿಲಿಳಿದು ಬರುವಾಗ ಹುಂಜ ಕೂಗಿದ್ದು ಕೇಳಿಸಿತು. ಸಾಕೇ?

ಇನ್ನು ನನ್ನ ಸುದ್ದಿ. ನಮ್ಮ ಯಜಮಾನರು, ಮಾಜಿದ್, ಬಂದರಿನ ಗೋದಾಮು ಬಿಟ್ಟಿದ್ದಾರೆ. ಕಚೇರಿ ಕೆಲಸ ಸಿಕ್ಕಿದೆ. ಇಪ್ಪತ್ತು ವರ್ಷ ಉಪ್ಪುಗಾಳಿಯಲ್ಲಿ ನಿಂತವರಿಗೆ ಒಂದು ನೆಗಡಿ ಬಂದಿರಲಿಲ್ಲ, ಈಗ ತಣ್ಣನೆ ಗಾಳಿಯ ಯಂತ್ರದ ಕೆಳಗೆ ಕೂತು ಮೂಗು ಸೋರಿಸಿಕೊಂಡು ಬರುತ್ತಾರೆ. ಸಂಬಳ ಒಳ್ಳೆಯದಿದೆ. ಅರಾದ್‌ನಲ್ಲಿ ನಾವು ತೆಗೆದುಕೊಂಡ ಜಾಗದಲ್ಲಿ ಗೋಡೆ ಏಳುತ್ತಿದೆ. ನಾನು ಲೆಕ್ಕ ಹಾಕಿಕೊಂಡಿದ್ದೇನೆ: ಗೋಡೆ ಇವರ ಸಂಬಳದಲ್ಲಿ, ಸೂರು ಅಮ್ಮನ ಹಣದಲ್ಲಿ.

ಸೂರು ಹಾಕಿದ ದಿನವೇ ನಾನು ಈ ಮನೆ ಬಿಡುತ್ತೇನೆ. ಮದುವೆಯಾದಾಗಿನಿಂದ ನಾಲ್ಕು ಜನ ಓರಗಿತ್ತಿಯರ ಒಂದೇ ಅಡುಗೆಮನೆಯಲ್ಲಿ ನನ್ನ ಪಾತ್ರೆಗೆ ಬಟ್ಟೆಚೂರು ಕಟ್ಟಿ ಗುರುತು ಮಾಡಿಕೊಂಡಿದ್ದೇನೆ. ಅದಕ್ಕೇ ತಾನೇ ಪಾಲನ್ನು ನಿನ್ನ ಹತ್ತಿರ ಬಿಟ್ಟದ್ದು? ಇಲ್ಲಿಗೆ ಬಂದಿದ್ದರೆ ಇಷ್ಟು ಹೊತ್ತಿಗೆ ಮೈದುನನ ಕಾರಾಗುತ್ತಿತ್ತು.

ಮಗುವಿಗೆ ಮುತ್ತು.

ಗನೀಮಾ


ಕುವೈತ್
೧೪ ಜನವರಿ ೧೯೮೨

ಅಕ್ಕಾ, ಅಕ್ಕಾ,

ನಿನ್ನ ಪತ್ರ ದೊಡ್ಡ ಮನುಷ್ಯನಾಗಿಬಿಟ್ಟಿದೆ! ಹುಂಜ ಕೂಗಿದ್ದನ್ನು ಮಿಶಾರಿಗೆ ಓದಿ ಹೇಳಿದೆನಾ, ಅವರು ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡು ಮನೆಯ ಮುಂದಿನ ದಿವಾನಿಯಾಗೆ ಓಡಿದರು. ಗಂಡಸರೆಲ್ಲ ಅಲ್ಲಿ ಚಹಾ ಕುಡಿಯುತ್ತಾ ಕೂತಿದ್ದರು. ನಾನು ಲುಲ್ವಾಳನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲ ಈಚೆ ನಿಂತೆ.

"ನನ್ನ ಹೆಂಡತಿಯ ಅಕ್ಕ ಸ್ವಂತ ಕಣ್ಣಲ್ಲಿ ನೋಡಿ ಬಂದಿದ್ದಾಳೆ," ಅಂದರು ಮಿಶಾರಿ.

"ಕೋಳಿ ನೋಡಿದ್ದಾಳಾ?" ಅಂದದ್ದು ಅವರ ಸೋದರಮಾವ ಅಬೂ ಜರ್ರಾಹ್, ಅತ್ತೆಯ ತಮ್ಮ.

"ಕೂಗಿದ್ದು ಕೇಳಿದ್ದಾಳೆ."

"ಒಂದಾ?"

"ಒಂದು ಹುಂಜ ಇದ್ದ ಮೇಲೆ ಎಷ್ಟು ಹೇಂಟೆ ಇರಬೇಕು, ನೀವೇ ಹೇಳಿ ಮಾವ!"

ಇನ್ನೊಬ್ಬರು ಯಾರೋ ಅಂದರು, "ಹತ್ತು ಸಾವಿರಕ್ಕೆ ಕಡಿಮೆ ಇಲ್ಲದೆ ಎರಡನೇ ಮಹಡೀಲಿ ಕಚೇರಿ ಮಾಡ್ತಾರೇನ್ರಿ?" ಅಲ್ಲಿಗೆ ಹತ್ತು ಸಾವಿರ ಕೋಳಿ ಹುಟ್ಟಿದವು. ಮರುದಿನ ಮನಾಖ್‌ನಲ್ಲಿ ಹುದ್‌ಹುದ್ ಏರಿತು, ಅದರ ಮರುದಿನ ಮತ್ತೆ ಏರಿತು. ಅಬೂ ಜರ್ರಾಹ್ ಕೈಗೆ ಸಿಕ್ಕಷ್ಟನ್ನೂ ಕೊಂಡರಂತೆ.

ನನಗೂ ಸಮಾಧಾನವಾಯಿತು. ಬೇರೆ ಯಾರ ಮಾತಿನಲ್ಲೂ ನನಗೆ ನಂಬಿಕೆ ಬರುತ್ತಿರಲಿಲ್ಲ. ನೀನು ಮೀನು ಕೊಳ್ಳುವಾಗಲೂ ಕಿವಿರು ಎತ್ತಿ ನೋಡುವವಳು. ನೀನು ಸಾಕು ಅಂದರೆ ಸಾಕು. ಎರಡು ರಾತ್ರಿ ಚೆನ್ನಾಗಿ ಮಲಗಿದೆ. ಚೆನ್ನಾಗಿ ಅಂದರೆ ಲುಲ್ವಾ ಬಿಟ್ಟಷ್ಟು. ಅವಳಿಗೆ ಕೆಳಗಿನ ಒಸಡಿನಲ್ಲಿ ಬಿಳಿ ಚುಕ್ಕೆ ಕಾಣಿಸಿದೆ.

ನಿನ್ನ ಗೋಡೆ ಎಲ್ಲಿಯವರೆಗೆ ಬಂತು?

ಸಬೀಕಾ


ಮುಹರ್ರಕ್
೨ ಫೆಬ್ರವರಿ ೧೯೮೨

ಸಬೀಕಾ,

ನನ್ನ ಪತ್ರ ಗಂಡಸರಿಗೆ ಓದಿಸಲಿಕ್ಕೆ ಬರೆದದ್ದಲ್ಲ. ಇನ್ನು ಮೇಲೆ ಹಾಗೆ ಮಾಡಬೇಡ.

ಕೂಗಿದ್ದು ಒಂದೇ ಹುಂಜ. ಅದು ಪಕ್ಕದ ಮನೆಯದ್ದೂ ಇರಬಹುದು. ನಾನು ಮುಖ ನೋಡಿಲ್ಲ.

ಮಿಶಾರಿಗೆ ಅಷ್ಟು ಲಾಭ ಬಂದಿದ್ದರೆ ಆ ಷೇರುಗಳನ್ನು ಮಾರಿ ಕೈತೊಳೆದುಕೊಳ್ಳಲಿ. ಯಾಕೆ ಅಂತ ಕೇಳಬೇಡ. ಬೆಲೆ ಇರುವಾಗ ಮಾರುವುದು ಒಳ್ಳೆಯದಲ್ಲವೇ, ನೀನೇ ಓದಿದವಳು.

ಗೋಡೆ ಕಿಟಕಿಯ ಮೇಲಕ್ಕೆ ಬಂದಿದೆ. ಸೂರಿನ ಕಬ್ಬಿಣಕ್ಕೆ ಮೇಸ್ತ್ರಿ ಮುಂಗಡ ಕೇಳುತ್ತಿದ್ದಾನೆ. ನನ್ನ ಪಾಲನ್ನು ಬೇಸಿಗೆಯವರೆಗೆ ಇಟ್ಟುಕೊಳ್ಳಬೇಡ, ಮಾರ್ಚ್ ಒಳಗೆ ಕಳಿಸಿಬಿಡು.

ಹಲ್ಲು ಬರುವಾಗ ಭೇದಿಯಾಗುತ್ತದೆ, ಹೆದರಬೇಡ.

ಗನೀಮಾ


ಕುವೈತ್
೧೧ ಏಪ್ರಿಲ್ ೧೯೮೨

ಪ್ರೀತಿಯ ಅಕ್ಕ,

ಇಷ್ಟು ದಿನ ಬರೆಯದಿದ್ದಕ್ಕೆ ಬೈದುಕೊಂಡಿರುತ್ತೀಯ. ಒಂದು ಸಿಹಿ ಸುದ್ದಿಯನ್ನು ಪೂರ್ತಿ ಪಾಕಕ್ಕೆ ಬಂದ ಮೇಲೆ ಹೇಳೋಣ ಅಂತ ಕಾದಿದ್ದೆ. ಈಗ ಹೇಳುತ್ತೇನೆ, ಕೂತುಕೊಂಡು ಓದು.

ನಿನ್ನ ಪಾಲು ಮೂರು ಪಟ್ಟಾಗಿದೆ.

ಹೋದ ಅಕ್ಟೋಬರ್‌ನಲ್ಲಿ ಮಿಶಾರಿ, "ಬ್ಯಾಂಕಿನಲ್ಲಿ ಸುಮ್ನೆ ಮಲಗಿದೆಯಲ್ಲ, ಅದೂ ಸ್ವಲ್ಪ ಓಡಾಡಲಿ," ಅಂದರು. ನಾನು ಬೇಡ ಅಂದೆ. ಒಂದು ವಾರ ಬೇಡ ಅಂದೆ. ಲುಲ್ವಾ ಆಗ ಎರಡು ತಿಂಗಳ ಕೂಸು, ಹಗಲು ಯಾವುದು ರಾತ್ರಿ ಯಾವುದು ಅನ್ನುವುದೇ ನನಗೆ ತಿಳಿಯುತ್ತಿರಲಿಲ್ಲ. ಎಂಟನೆಯ ದಿನ ಹೂಂ ಅಂದಿರಬೇಕು. ಅದು ಹುದ್‌ಹುದ್ ಷೇರಾಯಿತು. ಆಮೇಲೆ ನನಗೆ ಯೋಚನೆ ಹತ್ತಿ ನಿನಗೆ ಕೋಳಿ ನೋಡಿ ಬಾ ಅಂತ ಬರೆದದ್ದು. ನೀನು ಹುಂಜ ಕೇಳಿಸಿತು ಅಂದ ಮೇಲೆ ನಾನು ಸುಮ್ಮನಾದೆ.

ಫೆಬ್ರವರಿಯಲ್ಲಿ ನೀನು ಹಣ ಕೇಳಿದೆಯಲ್ಲ, ಆವತ್ತೇ ಮಿಶಾರಿಯ ಬೆನ್ನು ಹತ್ತಿದೆ. ನಿನ್ನ ಪಾಲಿನ ಷೇರುಗಳನ್ನೆಲ್ಲ ಅಬೂ ಜರ್ರಾಹ್ ಅವರಿಗೇ ಮಾರಿದ್ದಾರೆ. ಚೆಕ್ ನನ್ನ ಹೆಸರಿನಲ್ಲಿದೆ. ಒಂದೇ ಒಂದು ವಿಷಯ, ಅದರ ತಾರೀಖು ಡಿಸೆಂಬರ್ ಕೊನೆಯದು. ಇಲ್ಲಿ ನಗದು ಕೊಟ್ಟು ಯಾರೂ ಕೊಳ್ಳುವುದಿಲ್ಲ, ಎಲ್ಲರೂ ಮುಂದಿನ ತಾರೀಖಿನ ಚೆಕ್ ಕೊಡುತ್ತಾರೆ, ಕಾಯುವುದಕ್ಕೆ ಅಂತ ಬೆಲೆಯ ಮೇಲೆ ಇನ್ನಷ್ಟು ಸೇರಿಸುತ್ತಾರೆ. ಬ್ಯಾಂಕಿನವರು ಇಂಥ ಚೆಕ್ಕಿಗೆ ಯಾವ ದಿನ ಹೋದರೂ ಹಣ ಕೊಡಬೇಕು, ಕಾನೂನು ಹಾಗೇ ಇದೆ. ಆದರೆ ಯಾರೂ ಹೋಗುವುದಿಲ್ಲ. ತಾರೀಖಿಗೆ ಮೊದಲು ಹೋಗುವುದೆಂದರೆ, ರಾತ್ರಿ ಊಟಕ್ಕೆ ಕರೆದವರ ಮನೆಗೆ ಬೆಳಿಗ್ಗೆಯೇ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದ ಹಾಗೆ. ಹಾಗೆ ಮಾಡಿದವರ ಮನೆಯಲ್ಲಿ ಆಮೇಲೆ ಯಾರೂ ಚಹಾ ಕುಡಿಯುವುದಿಲ್ಲ.

ಆದ್ದರಿಂದ ಸೂರು ಚಳಿಗಾಲಕ್ಕೆ ಹಾಕಿಸು. ಇನ್ನೊಂದು ಮಹಡಿಯನ್ನೇ ಎಬ್ಬಿಸಬಹುದು!

ಕೋಪ ಮಾಡಿಕೊಳ್ಳಬೇಡ. ಸಂತೋಷವಾಯಿತು ಅಂತ ಬರೆ.

ನಿನ್ನ ಸಬೀಕಾ


ಮುಹರ್ರಕ್
೨ ಮೇ ೧೯೮೨

ಸಬೀಕಾ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಕೋಳಿ ಇಲ್ಲ. ಊರೊಳಗೂ ಇಲ್ಲ, ಆಚೆಯೂ ಇಲ್ಲ. ಒಂದು ಕೋಣೆ, ಒಂದು ಮೇಜು, ಒಂದು ಫೋನು, ಗೋಡೆಯ ಮೇಲೆ ಆ ಹಕ್ಕಿ, ಅಷ್ಟೇ ಕಂಪನಿ. ನನಗೆ ಟೀ ಕೊಟ್ಟ ಒಳ್ಳೆಯ ಮನುಷ್ಯರು ಅಂತ ಬರೆದಿದ್ದೆನಲ್ಲ, ಅವರು ಮಾಜಿದ್. ಇಲ್ಲಿ ಕಂಪನಿ ತೆರೆಯಲು ಇಲ್ಲಿಯವನೊಬ್ಬನ ಹೆಸರು ಬೇಕಿತ್ತು. ನಿಮ್ಮ ಕಡೆಯಿಂದ ಇಬ್ಬರು ಬಂದು ಇವರ ಹೆಸರು ಬರೆಸಿಕೊಂಡು ಆ ಕುರ್ಚಿಯಲ್ಲಿ ಕೂರಿಸಿ ಹೋದರು. ಕುವೈತಿನಿಂದ ಫೋನ್ ಬಂದರೆ, "ಕೋಳಿಗಳು ಸೌಖ್ಯವಾಗಿವೆ," ಅನ್ನಬೇಕು. ಅದೇ ಕೆಲಸ. ಮೊದಲ ತಿಂಗಳು ಇವರು ಹಾಗೆ ಹೇಳಿ ಮನೆಗೆ ಬಂದು ಊಟ ಬಿಡುತ್ತಿದ್ದರು. ಆಮೇಲೆ ಅಭ್ಯಾಸವಾಯಿತು. ನನಗೂ.

ನೀನು ಕೇಳಿದಾಗ ಹೇಳಬೇಕಿತ್ತು. ನನಗೆ ಅನ್ನಿಸಿದ್ದು ಏನೆಂದರೆ, ಇದು ನಿಮ್ಮ ಗಂಡಸರ ಆಟದ ದುಡ್ಡು, ಅವರ ಹತ್ತಿರ ಸಮುದ್ರದಷ್ಟಿದೆ, ಅದರಲ್ಲಿ ಒಂದು ಲೋಟ ನನ್ನ ಗೋಡೆಗೆ ಬಂದರೆ ಯಾರಿಗೇನು ನಷ್ಟ. ಆ ಲೋಟದಲ್ಲಿ ಇದ್ದದ್ದು ನನ್ನದೇ ನೀರು. ನನ್ನ ಸೂರನ್ನು ನಾನೇ ಕಿತ್ತು ಗೋಡೆಗೆ ಹಾಕಿಕೊಂಡಿದ್ದೇನೆ, ಸಬೀಕಾ.

ಭದ್ರವಾಗಿದೆ, ಯೋಚನೆ ಬೇಡ ಅಂತ ಬರೆದೆಯಲ್ಲ. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಹೇಳುವ ಬಾಯಿ ನನಗಿಲ್ಲ. ಆದರೆ ನೋವಾಗಿದೆ.

ಮೂರು ಪಟ್ಟು ನನಗೆ ಬೇಡ. ಅಮ್ಮನದ್ದು ಎಷ್ಟಿತ್ತೋ ಅಷ್ಟು ಸಾಕು. ಡಿಸೆಂಬರ್‌ವರೆಗೆ ಆ ಕೋಣೆಯ ಬಾಗಿಲು ತೆರೆದಿರುತ್ತದೆ ಅಂತ ಮಾಜಿದ್‌ಗೇ ನಂಬಿಕೆ ಇಲ್ಲ. ಆ ಚೆಕ್ಕನ್ನು ಬ್ಯಾಂಕಿಗೆ ತೆಗೆದುಕೊಂಡು ಹೋಗು.

ಗನೀಮಾ


ಮುಹರ್ರಕ್
೧೦ ಜೂನ್ ೧೯೮೨

ಸಬೀಕಾ,

ಉತ್ತರವಿಲ್ಲ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿಮ್ಮತ್ತೆ ಎತ್ತಿ, "ಮಗೂಗೆ ಸ್ನಾನ ಮಾಡಿಸ್ತಿದ್ದಾಳೆ," ಅಂದರು. ಅಷ್ಟು ಸ್ನಾನ ಮಾಡಿಸಿದರೆ ಮಗು ಕರಗಿಹೋಗುತ್ತದೆ.

ನಾನು ಕೇಳಿದ್ದು ಎಂಥ ಕೆಲಸ ಅಂತ ಆಮೇಲೆ ತಿಳಿಯಿತು. ಅಬೂ ಜರ್ರಾಹ್ ನಿಮ್ಮತ್ತೆಯ ತಮ್ಮ. ನೀನು ಆ ಮನೆಯಲ್ಲೇ ಉಣ್ಣಬೇಕು, ಮಲಗಬೇಕು. ಆಗದಿದ್ದರೆ ಬಿಡು. ಓರಗಿತ್ತಿಯರ ಜೊತೆ ಇಷ್ಟು ವರ್ಷ ಇದ್ದೇನೆ, ಇನ್ನಷ್ಟು ಇದ್ದರೆ ಸಾಯುವುದಿಲ್ಲ.

ಎರಡು ಸಾಲು ಬರೆ. ಬೈದಾದರೂ ಬರೆ.

ಗನೀಮಾ


ಕುವೈತ್
೧೦ ಜುಲೈ ೧೯೮೨, ರಮದಾನ್

ಪ್ರೀತಿಯ ಅಕ್ಕ,

ಇದರ ಜೊತೆ ಬ್ಯಾಂಕಿನ ಡ್ರಾಫ್ಟ್ ಇದೆ. ಅಮ್ಮನದ್ದು ಎಷ್ಟಿತ್ತೋ ಅಷ್ಟು. ಮೊದಲು ಅದನ್ನು ತೆಗೆದಿಟ್ಟು ಆಮೇಲೆ ಓದು.

ನಿನ್ನ ಮೇ ತಿಂಗಳ ಪತ್ರ ಓದಿ ನನಗೆ ಮೊದಲು ಬಂದದ್ದು ಕೋಪ. ನೀನು ಹುಂಜ ಅನ್ನದಿದ್ದರೆ ನಾನು ಆಗಲೇ ಹಣ ಬಿಡಿಸಿಕೊಳ್ಳುತ್ತಿದ್ದೆ ಅನ್ನಿಸಿತು. ಒಂದು ವಾರ ಮನಸ್ಸಿನಲ್ಲೇ ನಿನ್ನ ಜೊತೆ ಜಗಳವಾಡಿದೆ. ಪ್ರತಿ ಸಲವೂ ಜಗಳದ ಕೊನೆಯಲ್ಲಿ "ಭದ್ರವಾಗಿದೆ" ಅನ್ನುವ ನನ್ನ ಮಾತೇ ಬಂದು ಅಡ್ಡ ನಿಲ್ಲುತ್ತಿತ್ತು. ಆಮೇಲೆ ಹೆದರಿಕೆ. ಚೆಕ್ಕನ್ನು ಲುಲ್ವಾಳ ಬಟ್ಟೆಗಳ ಕೆಳಗೆ ಇಟ್ಟಿದ್ದೆ. ಅವಳಿಗೆ ಬಟ್ಟೆ ಬದಲಿಸುವಾಗೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು, ದಿನಕ್ಕೆ ಎಷ್ಟು ಸಲ ಬಟ್ಟೆ ಬದಲಿಸಬೇಕು ಅಂತ ನಿನಗೇ ಗೊತ್ತಲ್ಲ. ಮಿಶಾರಿಗೆ ಕೋಳಿ ಇಲ್ಲದ ವಿಷಯ ಹೇಳಿದೆ.

"ಇಲ್ಲದೆ ಇರಬಹುದು," ಅಂದರು. "ಅದು ಗೊತ್ತಿರೋದು ನಿನಗೆ, ನಿಮ್ಮಕ್ಕನಿಗೆ. ಮನಾಖ್‌ಗೆ ಗೊತ್ತಿಲ್ಲವಲ್ಲ!"

"ಗೊತ್ತಾದ ದಿನ?"

"ಆ ದಿನಕ್ಕೆ ಮುಂಚೆ ನಾವು ಮಾರಿರ್ತೀವಿ."

ಎಲ್ಲರೂ ಆ ದಿನಕ್ಕೆ ಮುಂಚೆ ಮಾರಿದರೆ ಕೊಳ್ಳುವವರು ಯಾರು ಅಂತ ಕೇಳಿದೆ. "ಕಾಲೇಜು ಶುರುವಾಯ್ತು," ಅಂತ ನಕ್ಕರು.

ಗರ್ಗಿಆನ್ ಹಬ್ಬಕ್ಕೆ ಬೀದಿಯ ಮಕ್ಕಳೆಲ್ಲ ಚೀಲ ಹಿಡಿದು ಮಿಠಾಯಿ ಕೇಳಲು ಬಂದರು. ಲುಲ್ವಾಳಿಗೂ ಒಂದು ಪುಟ್ಟ ಚೀಲ ಹೊಲಿದಿದ್ದೆ. ಪಕ್ಕದ ಮನೆಯ ಹುಡುಗಿ ಅವಳ ಚೀಲಕ್ಕೆ ಎರಡು ಬಾದಾಮಿ ಹಾಕಿ, ಆಮೇಲೆ ಯೋಚಿಸಿ, ಅವಳಿಗೆ ಅಗಿಯಲು ಬರುವುದಿಲ್ಲ ಅಂತ ನನ್ನ ಕೈಗೆ ಕೊಟ್ಟು, "ಇದು ಅವಳದ್ದು, ನೀವು ತಿನ್ನಬಾರದು, ಇಟ್ಟುಕೊಳ್ಳಿ ಅಷ್ಟೇ," ಅಂದಳು. ಅಷ್ಟೇ ಆದದ್ದು. ಮಾರನೆಯ ಬೆಳಿಗ್ಗೆ ಲುಲ್ವಾಳನ್ನು ಎತ್ತಿಕೊಂಡು ಬ್ಯಾಂಕಿಗೆ ಹೋದೆ.

ಕಿಟಕಿಯ ಹಿಂದಿನವರು ಉಪವಾಸದಲ್ಲಿ ಬಾಡಿಹೋಗಿದ್ದರು. ಚೆಕ್ ನೋಡಿ ಎಚ್ಚರವಾದರು.

"ಅಮ್ಮಾ, ಇದು ಡಿಸೆಂಬರಿನದು."

"ಗೊತ್ತು."

"ಅಬೂ ಜರ್ರಾಹ್ ಅವರಿಗೆ ಗೊತ್ತಾ?"

"ಇಲ್ಲ."

ಅವರು ಅದನ್ನು ಬಿಸಿ ಪಾತ್ರೆಯ ಹಾಗೆ ತುದಿಬೆರಳಲ್ಲಿ ಹಿಡಿದು ಒಳಗೆ ಹೋದರು. ಮ್ಯಾನೇಜರ್ ಬಂದರು. ವಯಸ್ಸಾದವರು. ಲುಲ್ವಾಳ ಕೆನ್ನೆ ಮುಟ್ಟಿ, ನನ್ನನ್ನು ಕೂರಿಸಿ ಹೇಳಿದರು, "ಮಗಳೇ, ಈ ಕುರ್ಚಿಯಲ್ಲಿ ಕೂತ ಮೇಲೆ ಇಂಥ ಚೆಕ್ ತಾರೀಖಿಗೆ ಮೊದಲೇ ತಂದವರನ್ನ ನಾನು ನೋಡಿಲ್ಲ. ಕಾನೂನಿಗೆ ಸರಿ, ನಾನು ಇಲ್ಲ ಅನ್ನೋ ಹಾಗಿಲ್ಲ. ಆದರೆ ನಾಳೆ ನೀನು ಆ ಮನೆಯಲ್ಲಿ ಮುಖ ತೋರಿಸ್ಬೇಕು. ಯೋಚಿಸಿದ್ದೀಯಾ?"

"ಎಂಟು ತಿಂಗಳಿಂದ ಅದನ್ನೇ ಮಾಡ್ತಿದ್ದೀನಿ, ಚಿಕ್ಕಪ್ಪ. ಈ ಹಣ ನನ್ನ ಅಕ್ಕನ ಮನೆಯ ಸೂರು. ನಾನು ಇಟ್ಟುಕೊಂಡಿದ್ದೆ ಅಷ್ಟೇ."

ಸಹಿ ಹಾಕಿದರು.

ಮೂಲ ನಿನಗೆ ತೆಗೆದಿಟ್ಟು, ಉಳಿದದ್ದಕ್ಕೆ ನಾನೇ ಒಂದು ಚೆಕ್ ಬರೆದುಕೊಂಡು ಅಲ್ಲಿಂದ ನೇರವಾಗಿ ಅಬೂ ಜರ್ರಾಹ್ ಅವರ ಮನೆಗೆ ಹೋದೆ. ಅದು ಕಾಯುವುದಕ್ಕೆ ಕೊಟ್ಟ ಬೆಲೆ, ನಾನು ಕಾಯಲಿಲ್ಲ, ನನಗೆ ಬೇಡ ಅಂದೆ. ಅವರು ಚೆಕ್ಕನ್ನು ಹಿಂದೆಮುಂದೆ ತಿರುಗಿಸಿ ನೋಡಿದರು.

"ಇದೇನಮ್ಮಾ, ಇವತ್ತಿನ ತಾರೀಖು ಹಾಕಿದ್ದೀಯ! ಇಂಥದ್ದನ್ನ ನೋಡಿ ಎಷ್ಟು ಕಾಲ ಆಯ್ತು!" ಅಂತ ನಕ್ಕರು.

ನೋಡು, ನಕ್ಕರು. ಮನೆಯಲ್ಲಿ ಎಲ್ಲರೂ ಸೌಖ್ಯ. ಸೆಕೆ ಹೆಚ್ಚು ಅಂತ ಮಿಶಾರಿ ದಿವಾನಿಯಾದಲ್ಲಿ ಮಲಗುತ್ತಿದ್ದಾರೆ. ನೀನು ಯೋಚನೆ ಮಾಡಬೇಡ, ಸೂರು ಹಾಕಿಸು.

ಸಬೀಕಾ


ಅರಾದ್
೨೬ ಸೆಪ್ಟೆಂಬರ್ ೧೯೮೨

ನನ್ನ ಸಬೀಕಾ,

ವಿಳಾಸ ನೋಡಿದೆಯಾ? ಅರಾದ್. ನನ್ನ ಮನೆಯಿಂದ ಬರೆಯುತ್ತಿದ್ದೇನೆ. ಹಣ ಬಂದ ದಿನವೇ ಬರೆಯಬೇಕಿತ್ತು, ಆದರೆ ಸೂರು ಹಾಕಿಸಿ, ಅದರ ಕೆಳಗೆ ಆನಿಸಿದ್ದ ಮರಗಳನ್ನು ತೆಗೆದ ಮೇಲೂ ಅದು ನಿಲ್ಲುತ್ತದೆಯೋ ನೋಡಿ ಬರೆಯೋಣ ಅಂತ ಸುಮ್ಮನಿದ್ದೆ. ಯಾವುದನ್ನೂ ಮೊದಲೇ ಹೇಳುವ ಧೈರ್ಯ ನನಗೆ ಹೋಗಿದೆ. ನಿಂತಿದೆ. ಅಡುಗೆಮನೆಯಲ್ಲಿ ಮೊದಲ ದಿನ ಎಲ್ಲ ಪಾತ್ರೆಗಳ ಬಟ್ಟೆಚೂರನ್ನೂ ಬಿಚ್ಚಿ ಎಸೆದೆ.

ಹಣ ಪೆಟ್ಟಿಗೆಯಲ್ಲಿಟ್ಟ ಆ ರಾತ್ರಿ ಮಾಜಿದ್ ಕುರ್ಚಿ ಬಿಟ್ಟರು. ಕೊನೆಯ ಫೋನ್‌ಗೆ, "ಕೋಳಿಗಳಿಲ್ಲ, ನಾನೂ ಇಲ್ಲ," ಅಂತ ಹೇಳಿ ಇಟ್ಟರಂತೆ. ಆ ಇಬ್ಬರು ಮತ್ತೆ ಕಾಣಲಿಲ್ಲ, ಬೇರೆ ಯಾರನ್ನೂ ಕೂರಿಸಲೂ ಇಲ್ಲ. ಇವರು ಮತ್ತೆ ಗೋದಾಮಿಗೆ ಹೋಗುತ್ತಾರೆ, ನೆಗಡಿ ವಾಸಿಯಾಗಿದೆ. ಮೊನ್ನೆ ಕಟ್ಟಡದ ಮಾಲೀಕ ಬಾಡಿಗೆ ಬಂದಿಲ್ಲ ಅಂತ ಕೋಣೆ ಖಾಲಿ ಮಾಡಿಸಿ ಫಲಕವನ್ನು ಬೀದಿಗೆ ಹಾಕಿದ್ದ. ಮಾಜಿದ್ ಹೊತ್ತು ತಂದರು. ಹೆಸರು ಅವರದ್ದೇ ಇತ್ತಲ್ಲ ಅದರ ಮೂಲೆಯಲ್ಲಿ. ನಾನು ಅಂಗಳದಲ್ಲಿ ಕೋಳಿಗೂಡು ಕಟ್ಟಿಸಿ ಆ ಫಲಕವನ್ನೇ ಬಾಗಿಲು ಮಾಡಿದ್ದೇನೆ. ಹನ್ನೊಂದು ಹೇಂಟೆ, ಒಂದು ಹುಂಜ. ಈ ಸಲ ಮುಖ ನೋಡಿ ಕೊಂಡೆ.

ನಿಮ್ಮ ಅಬೂ ಜರ್ರಾಹ್ ದೊಡ್ಡ ಮನುಷ್ಯರು. ನೀನು ಹಾಗೆ ಮಾಡಿದರೂ ನಕ್ಕರಲ್ಲ. ಅತ್ತೆಯ ಕಡೆಯವರು ಹಾಗಿರುವುದು ಪುಣ್ಯ. ನಾನು ಸುಮ್ಮನೆ ಎಷ್ಟು ಹೆದರಿದ್ದೆ!

ಮನಾಖ್ ಬಿದ್ದುಹೋಯಿತು ಅಂತ ಇಲ್ಲಿ ಎಲ್ಲರೂ ಮಾತಾಡುತ್ತಿದ್ದಾರೆ. ಎಷ್ಟು ನಿಜ? ನೀವು ಹೇಗಿದ್ದೀರಿ?

ಮಾಜಿದ್‌ನ ಚಿಕ್ಕಪ್ಪನ ಮಗ ಮುಂದಿನ ತಿಂಗಳು ಕುವೈತಿಗೆ ಬರುತ್ತಾನೆ. ಅವನ ಕೈಯಲ್ಲಿ ಒಂದು ಡಬ್ಬ ಕಳಿಸುತ್ತೇನೆ.

ನಿನ್ನ ಗನೀಮಾ


ಕುವೈತ್
೨೧ ಅಕ್ಟೋಬರ್ ೧೯೮೨

ಪ್ರೀತಿಯ ಅಕ್ಕ,

ಡಬ್ಬ ಬಂತು. ಅದರ ಕಥೆ ಕೊನೆಗೆ ಹೇಳುತ್ತೇನೆ. ಈ ಸಲ ಒಂದನ್ನೂ ಮುಚ್ಚಿಡದೆ ಬರೆಯಬೇಕು ಅಂತ ಕೂತಿದ್ದೇನೆ.

ಅಬೂ ಜರ್ರಾಹ್ ನಕ್ಕದ್ದು ನಿಜ. ನಾನು ಅವರ ಬಾಗಿಲು ದಾಟುವ ಮೊದಲೇ ನಗು ನಿಂತಿತ್ತು. ಸಂಜೆ ಮಿಶಾರಿಗೆ ಹೇಳಿ ಕಳಿಸಿದರು: "ನನ್ನ ಸಹಿ ನಂಬದ ಮನೆಯವರು ನನ್ನ ಕಾಫಿ ಕುಡಿಯೋದು ಬೇಡ." ಮಿಶಾರಿ ನನ್ನ ಜೊತೆ ಜಗಳವಾಡಲಿಲ್ಲ. ದಿಂಬು ತೆಗೆದುಕೊಂಡು ದಿವಾನಿಯಾಗೆ ಹೋದರು. ಸೆಕೆಯಲ್ಲ, ನಮ್ಮ ಕೋಣೆಯ ತಣ್ಣನೆ ಗಾಳಿಯ ಯಂತ್ರ ಚೆನ್ನಾಗಿಯೇ ಓಡುತ್ತಿತ್ತು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಏನಾದರೂ ಹೇಳಬೇಕಿದ್ದರೆ ಲುಲ್ವಾಗೆ ಹೇಳುತ್ತಿದ್ದರು. "ಲುಲ್ವಾ, ನಿಮ್ಮಮ್ಮನಿಗೆ ಹೇಳು, ಅನ್ನ ಸೀದು ಹೋಗ್ತಿದೆ." ಈದ್ ದಿನ ಮನೆಗೆ ಬಂದವರು ಹಾಲಿನಲ್ಲಿ ಕೂತರು, ನಾನಿದ್ದ ಕೋಣೆಗೆ ಬರಲಿಲ್ಲ. ಹೊಸ ಬಟ್ಟೆ ತೊಡಿಸಿದ ಮಗುವನ್ನು ಒಬ್ಬಳೇ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ನಿನಗೆ ಇದನ್ನು ಬರೆದಿದ್ದರೆ ನೀನು ಡ್ರಾಫ್ಟ್ ವಾಪಸು ಕಳಿಸುತ್ತಿದ್ದೆ. ಅದಕ್ಕೇ ಬರೆಯಲಿಲ್ಲ.

ಆಗಸ್ಟಿನಲ್ಲಿ ಇನ್ಯಾರೋ ಒಬ್ಬರು, ನಮಗೆ ಸಂಬಂಧವಿಲ್ಲದವರು, ತಮ್ಮ ಕೈಲಿದ್ದ ದೊಡ್ಡ ಚೆಕ್ಕನ್ನು ತಾರೀಖಿಗೆ ಮೊದಲೇ ಬ್ಯಾಂಕಿಗೆ ಹಾಕಿದರಂತೆ. ಅಲ್ಲಿ ಹಣವಿರಲಿಲ್ಲ. ಆಮೇಲೆ ಎಲ್ಲರೂ ಓಡಿದರು. ಯಾರ ಖಾತೆಯಲ್ಲೂ ಇರಲಿಲ್ಲ. ಇವರು ಅವರಿಗೆ ಬರೆದಿದ್ದರು, ಅವರು ಇವರಿಗೆ ಬರೆದಿದ್ದರು, ಎಲ್ಲರೂ ಡಿಸೆಂಬರ್ ಬರಲಿ ಅಂತ ಕಾದಿದ್ದರು. ಹುದ್‌ಹುದ್ ಷೇರನ್ನು ಈಗ ಯಾರೂ ಬಿಟ್ಟಿ ಕೊಟ್ಟರೂ ಮುಟ್ಟುವುದಿಲ್ಲ. ಗಂಡಸರೆಲ್ಲ ಚೆಕ್ಕುಗಳನ್ನು ಚೀಲದಲ್ಲಿ ಹೊತ್ತು, ಲೆಕ್ಕ ಬರೆಸಲು ಸರ್ಕಾರದ ಕಚೇರಿಯ ಮುಂದೆ ಸಾಲು ನಿಂತರು. ಮಿಶಾರಿಯ ಎರಡೂ ಕಾರು ಹೋದವು. ಮನೆ ಅತ್ತೆಯ ಹೆಸರಿನಲ್ಲಿದೆ, ಆದ್ದರಿಂದ ಇದೆ. ಮಿಶಾರಿ ಈಗ ಬೆಳಿಗ್ಗೆ ಸಚಿವಾಲಯಕ್ಕೆ ಹೋಗಿ ಮಧ್ಯಾಹ್ನದವರೆಗೆ ಅಲ್ಲೇ ಕೂರುತ್ತಾರೆ, ಕನ್ನಡಕ ಹಾಕಿಕೊಂಡು.

ಒಂದು ಸಂಜೆ ಅಬೂ ಜರ್ರಾಹ್ ಬಂದರು. ಇಳಿದುಹೋಗಿದ್ದಾರೆ. ಅಂಗಳದಲ್ಲಿ ಕೂತು ನನ್ನನ್ನು ಕರೆಸಿದರು. ಮಗುವನ್ನು ಕೆಳಗಿಳಿಸಿ ಹೋದೆ, ಬೈಗುಳಕ್ಕೆ ಸಿದ್ಧವಾಗಿಯೇ.

"ಎಷ್ಟು ಚೆಕ್ ಬರೆದೆನೋ ನನಗೇ ಗೊತ್ತಿಲ್ಲಮ್ಮಾ," ಅಂದರು. "ಎಲ್ಲರೂ ಈಗ ನನ್ನನ್ನ ಸುಳ್ಳುಗಾರ ಅಂತಾರೆ. ನನ್ನ ಸಹಿಗೆ ಹಣ ಸಿಕ್ಕಿದ್ದು ನಿನಗೊಬ್ಬಳಿಗೇ. ಯಾರಾದ್ರೂ ಕೇಳಿದರೆ ಹೇಳ್ತೀಯಲ್ಲ, ಅಬೂ ಜರ್ರಾಹ್ ಕೊಟ್ಟ ಅಂತ?"

"ಹೇಳ್ತೀನಿ ಮಾವ. ಕೊಟ್ಟಿರಿ."

ಅತ್ತೆ ಕಾಫಿ ತಂದರು. ತಮ್ಮನಿಗೆ ಕೊಟ್ಟು, ಇನ್ನೊಂದು ಬಟ್ಟಲನ್ನು ನನ್ನ ಮುಂದಿಟ್ಟರು.

ಈಗ ಡಬ್ಬ. ಹಾಲಿನಪುಡಿಯ ಡಬ್ಬದಲ್ಲಿ ಅಕ್ಕಿ ತುಂಬಿ ನೀನು ಹೂತಿಟ್ಟಿದ್ದ ಮೊಟ್ಟೆಗಳಲ್ಲಿ ಒಂದು ಮಾತ್ರ ಬಿರುಕು ಬಿಟ್ಟಿತ್ತು. ಅತ್ತೆ ದಿಂಬು ಬಿಟ್ಟು ಎದ್ದು ಬಂದು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

"ಲುಲ್ವಾ, ನಿಮ್ಮಮ್ಮನನ್ನ ಕೇಳು, ಇದು ಯಾವ ಕೋಳಿ ಮೊಟ್ಟೆ?"

"ಹುದ್‌ಹುದ್ ಕಂಪನಿಯದು," ಅಂದೆ.

ಅತ್ತೆ ನನ್ನ ಮುಖ ನೋಡಿದರು, ಬೇಸಿಗೆಯಿಂದ ಮೊದಲ ಸಲ. "ಎಷ್ಟು ಕೋಳಿ ಇದೆಯಂತೆ?"

"ಹನ್ನೊಂದು. ಒಂದು ಹುಂಜ."

"ನನಗೆ ಹತ್ತು ಸಾವಿರ ಅಂದಿದ್ರು." ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಬಂತು. ಟೊಮೇಟೊ ಹೆಚ್ಚು ಅಂದರು, ನನಗೇ, ಮಗುವಿಗಲ್ಲ. ಬಿರುಕು ಬಿಟ್ಟದ್ದನ್ನು ಮೊದಲು ಒಡೆದು ಅವರೇ ಬಾಣಲೆಗೆ ಹಾಕಿದರು. ಲುಲ್ವಾ ಹಳದಿಯನ್ನು ಕೈಯಲ್ಲಿ ಕಿವುಚಿ ಬಾಯಿಗೂ ಕೂದಲಿಗೂ ಸಮನಾಗಿ ಹಚ್ಚಿಕೊಂಡಳು.

ಮಿಶಾರಿ ತಟ್ಟೆಯನ್ನು ರೊಟ್ಟಿಯಿಂದ ಒರೆಸಿ ಒರೆಸಿ ತಿಂದರು. ತಲೆಯೆತ್ತದೆ ಕೇಳಿದರು, "ನಿಮ್ಮಕ್ಕ ಷೇರು ಕೊಡ್ತಾಳಾ?"

"ಬರೆದು ಕೇಳ್ತೀನಿ," ಅಂದೆ. ಆ ರಾತ್ರಿ ಅವರು ದಿಂಬು ತೆಗೆದುಕೊಂಡು ಒಳಗೆ ಬಂದರು. ಲುಲ್ವಾ ಎರಡು ಸಲ ಅತ್ತಳಂತೆ, ಎರಡು ಸಲವೂ ಅವರೇ ಎತ್ತಿಕೊಂಡರಂತೆ. ನನಗೆ ಗೊತ್ತಿಲ್ಲ, ನಾನು ಮಲಗಿದ್ದೆ.

ಏನು ಉತ್ತರ ಕೊಡುತ್ತೀಯೋ ನೋಡಿ ಬರೆ, ಅಕ್ಕ. ಅದನ್ನು ದಿವಾನಿಯಾದಲ್ಲಿ ಓದುತ್ತಾರೆ.

ನಿನ್ನ ಸಬೀಕಾ